ಚಿಪ್ಪಿನಂಥ ಗಟ್ಟಿತನಕ್ಕೆ ಎರಡು ದಾರಿ: ಜೇಡಿ ಹಾಳೆಯೋ, ಮಂಜುಗಡ್ಡೆಯ ಅಚ್ಚೋ

ಮುತ್ತಿನ ಚಿಪ್ಪಿನ ಹೊಳೆಯುವ ಒಳಪದರದ ತೂಕದಲ್ಲಿ ಸುಮಾರು ಶೇ 95 ಅರಗೊನೈಟ್, ಅಂದರೆ ಸುಣ್ಣಕಲ್ಲಿನ ಜಾತಿಯದೇ ಖನಿಜ. ಅರ್ಧ ಮೈಕ್ರಾನ್ ದಪ್ಪದ ಬಿಲ್ಲೆಗಳು ಇಟ್ಟಿಗೆ, ನಡುವಿನ ಪ್ರೋಟೀನ್ ಗಾರೆ. ಬಿರುಕು ನೇರ ಓಡಲಾಗದೆ ಬಿಲ್ಲೆಗಳನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಇದೇ ಕಟ್ಟೋಣವನ್ನು ದಾವಣಗೆರೆಯ ಲ್ಯಾಬ್‌ನಲ್ಲಿ ಎರಡು ರೀತಿಯಲ್ಲಿ ಮಾಡಿ ನೋಡಿದ್ದೇವೆ.

ಸುಲಭದ್ದು ಬೆಂಟೊನೈಟ್ ಜೇಡಿ ಮತ್ತು ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ನೀರಲ್ಲಿ ಕರಗುವ ಪ್ಲಾಸ್ಟಿಕ್; ಇಲ್ಲಿ ಗಾರೆ ಇದೇ). 100 ಚದರ ಸೆಂ.ಮೀ. ತಟ್ಟೆಗೆ ಜೇಡಿ 0.6 ಗ್ರಾಂ, ಪಿವಿಎ 0.4 ಗ್ರಾಂ ಹಾಕಿದರೆ ಸುಮಾರು 50 ಮೈಕ್ರಾನ್ ಹಾಳೆ ಸಿಗುತ್ತದೆ. ಜೇಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಶೇ 0.5ರಂತೆ ರಾತ್ರಿಯಿಡೀ ಕಲಕಿ, ಒಂದು ದಿನ ಬಿಟ್ಟು, ಮೇಲಿನದನ್ನಷ್ಟೇ ಬಸಿದುಕೊಳ್ಳಿ. ಮರಳು ತಳದಲ್ಲಿ ಉಳಿಯುವುದರಿಂದ ಸಾಂದ್ರತೆ ಇಳಿದಿರುತ್ತದೆ, 10 ಮಿ.ಲೀ. ಒಣಗಿಸಿ ತೂಗಿ ನೋಡಲೇಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೇಡಿಯನ್ನು ಗಂಟು ಕಟ್ಟಿಸುತ್ತವೆ. 90 ಡಿಗ್ರಿಯಲ್ಲಿ ಕರಗಿಸಿ ತಣಿಸಿದ ಪಿವಿಎಗೆ ಜೇಡಿಯನ್ನು ಹನಿಹನಿಯಾಗಿ ಸೇರಿಸಿ. ಪಿವಿಎಯನ್ನು ಜೇಡಿಗೆ ಸುರಿದರೂ ಗಂಟೇ. ತಟ್ಟೆಗೆ ಸುರಿದು ಒಣಗಿಸುವಾಗ ಏಪ್ರಿಲ್ ಬಿಸಿಲಲ್ಲಿ, ಫ್ಯಾನ್ ಕೆಳಗೆ ಮೇಲ್ಮೈ ಮೊದಲು ಕೆನೆಗಟ್ಟಿ ಅಂಚು ಸುರುಳಿಯಾಗುತ್ತದೆ. ತೂತು ಮಾಡಿದ ಕಾಗದ ಮುಚ್ಚಿ ನೆರಳಲ್ಲಿಡಿ. ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗದಿರಲು ಶೇ 1 ಬೋರಾಕ್ಸ್ ದ್ರಾವಣದಲ್ಲಿ ಅದ್ದಿ, ಬ್ಲಾಟಿಂಗ್ ಪೇಪರ್ ನಡುವೆ ತೂಕವಿಟ್ಟು ಒಣಗಿಸಿ.

ದಪ್ಪ ತುಂಡು ಬೇಕೆಂದರೆ ಮಂಜುಗಡ್ಡೆಯ ದಾರಿ. 70 ಮಿ.ಲೀ. ನೀರಿಗೆ 118 ಗ್ರಾಂ ನುಣ್ಣನೆಯ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಪುಡಿ), ಸುಮಾರು ಶೇ 1 ಡಿಸ್ಪರ್ಸೆಂಟ್ (ಪುಡಿ ಗಂಟು ಕಟ್ಟದಂತೆ ತಡೆಯುವುದು), ಅಷ್ಟೇ ಪಿವಿಎ. ಬಾಲ್ ಮಿಲ್ ಮಾಡಿ (ಗುಂಡುಗಳಿರುವ ಡಬ್ಬಿಯಲ್ಲಿ ತಿರುಗಿಸಿ ಅರೆದು) ಗಾಳಿ ತೆಗೆಯಿರಿ. ಅಚ್ಚಿನ ಕೆಳಗಿನ ತಾಮ್ರದ ಸರಳನ್ನು ದ್ರವ ಸಾರಜನಕದಲ್ಲಿಟ್ಟು, ನಿಮಿಷಕ್ಕೆ 5ರಿಂದ 10 ಡಿಗ್ರಿ ಇಳಿಯುವಂತೆ ಹೀಟರ್‌ನಿಂದ ಹಿಡಿತದಲ್ಲಿಡಿ. ಕೆಳಗಿನಿಂದ ಬೆಳೆಯುವ ಮಂಜಿನ ಹಾಳೆಗಳು ಪುಡಿಯನ್ನು ತಮ್ಮ ನಡುವೆ ತಳ್ಳಿ ಪದರವಾಗಿಸುತ್ತವೆ. ಬೇಗ ಹೆಪ್ಪುಗಟ್ಟಿದಷ್ಟೂ ಪದರ ತೆಳು. ಮಂಜನ್ನು ಕರಗಿಸದೆ ನೇರ ಆವಿಯಾಗಿಸುವ ಫ್ರೀಜ್ ಡ್ರೈಯರ್‌ನಲ್ಲಿ ಚೂರು ಕರಗಿದರೂ ಪದರಗಳು ಕುಸಿಯುತ್ತವೆ. ನಡುವೆ ಕರೆಂಟ್ ಹೋದರೆ ಆ ತುಂಡಿನ ಆಸೆ ಬಿಡಿ. ಆಮೇಲೆ ಕುಲುಮೆಯಲ್ಲಿ 500 ಡಿಗ್ರಿವರೆಗೆ ನಿಧಾನ, 1500ರಲ್ಲಿ ಎರಡು ಗಂಟೆ. ಕೊನೆಗೆ ನಿರ್ವಾತದಲ್ಲಿ ಅಕ್ರಿಲಿಕ್ ಮಾನೊಮರ್ (ಗಟ್ಟಿಯಾಗಿ ಪ್ಲಾಸ್ಟಿಕ್ ಆಗುವ ದ್ರವ) ತುಂಬಿ ಗಟ್ಟಿ ಮಾಡುವುದು. ಇಲ್ಲಿ ಅವಸರಿಸಿದರೆ ಒಳಗೆಲ್ಲ ಗುಳ್ಳೆ.

ಆದರೆ ಬರೀ ಪದರಗಳಷ್ಟೇ ಸಾಲವು. 2008ರಲ್ಲಿ ಅಮೆರಿಕದ ಬರ್ಕ್ಲಿಯ ತಂಡ ಅಕ್ರಿಲಿಕ್ ತುಂಬುವ ಮೊದಲೇ ಈ ಚೌಕಟ್ಟನ್ನು ಪದರಗಳಿಗೆ ಲಂಬವಾಗಿ ಒತ್ತಿ, ಮತ್ತೆ ಸುಟ್ಟು, ಸೆರಾಮಿಕ್ ಪಾಲನ್ನು ಸುಮಾರು ಶೇ 80ಕ್ಕೆ ಏರಿಸಿದ ಮೇಲೆಯೇ ನಿಜವಾದ ಇಟ್ಟಿಗೆ ಕಟ್ಟಡ ಬಂದದ್ದು. ಒತ್ತುವ ಹಂತ ಬಿಡುವುದಾದರೆ ಈ ಖರ್ಚಿಗೆ ಕೈ ಹಾಕಬೇಡಿ, ಜೇಡಿಯಲ್ಲೇ ಇರಿ.

ಎರಡನ್ನೂ ಒಂದೇ ಅಂಕಿಯಿಂದ ತೂಗಲಾಗದು. ಹಾಳೆಗೆ ಟೆನ್ಸೈಲ್ (ಎಳೆದು ನೋಡುವ) ಪರೀಕ್ಷೆ. ತುಂಡಿಗೆ ಸೀಳು ಕೊಯ್ದು ಮೂರು ಬಿಂದುಗಳ ಬಾಗು ಪರೀಕ್ಷೆ. ಸೀಳು ಪದರಗಳಿಗೆ ಅಡ್ಡವಾಗಿರಲಿ, ಪದರದ ಗುಂಟ ಕೊಯ್ದರೆ ಅಂಕಿ ಅಕ್ರಿಲಿಕ್‌ನದೇ ಬರುತ್ತದೆ.