ಕಾರವಾರದ ಐಎನ್‌ಎಸ್ ಚಪಲ್: ಬೆಂಗಳೂರಿನಿಂದ ಹೋಗುವವರು ಏನೇನು ನೋಡಬೇಕು

ಲಾಂಗ್ ವೀಕೆಂಡ್ ಬಂದರೆ ಗೋಕರ್ಣದವರೆಗೆ ಹೋಗಿ ಅಲ್ಲಿಂದಲೇ ಬೆಂಗಳೂರಿಗೆ ಗಾಡಿ ತಿರುಗಿಸುವವರು ಹೆಚ್ಚು. ಸ್ವಲ್ಪ ಮುಂದೆ ಹೋದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿ 66ರ ಪಕ್ಕದಲ್ಲೇ, ಐಎನ್‌ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯವಾಗಿ ನಿಂತಿದೆ. ಟಿಕೆಟ್ ದುಬಾರಿಯಲ್ಲ, ಹಡಗೂ ದೊಡ್ಡದಲ್ಲ. ಸುಮಾರು 39 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲ. ನೋಡಬೇಕಾದ್ದು ಗೊತ್ತಿಲ್ಲದೆ ಹತ್ತಿದರೆ ಹದಿನೈದು ನಿಮಿಷಕ್ಕೆ ಇಳಿದು ಬರುತ್ತೀರಿ, ಸೆಲ್ಫಿ ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ.

1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು ಇದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಅವು ಸೋವಿಯತ್ ಒಕ್ಕೂಟದಿಂದ ಮೊದಲ ಕಂತಿನಲ್ಲಿ ಬಂದ ವಿದ್ಯುತ್ ವರ್ಗದ ಕ್ಷಿಪಣಿ ದೋಣಿಗಳು. ಆ ಯಶಸ್ಸಿನ ನಂತರ ಎರಡನೇ ಕಂತಿನಲ್ಲಿ ಬಂದವು ಚಮಕ್ ವರ್ಗದ ಎಂಟು ದೋಣಿಗಳು. ಚಪಲ್ ಅವುಗಳಲ್ಲೊಂದು.

ಎರಡು ಕಂತುಗಳ ವ್ಯತ್ಯಾಸವನ್ನು ಕಣ್ಣಲ್ಲೇ ಗುರುತಿಸಬಹುದು. ಎರಡೂ ಬದಿಗೆ ಎರಡೆರಡರಂತೆ ಇರುವ ಕ್ಷಿಪಣಿ ಕೊಳವೆಗಳು ಇಲ್ಲಿ ದುಂಡಗಿವೆ, ಹಳೆಯ ದೋಣಿಗಳಲ್ಲಿ ಪೆಟ್ಟಿಗೆಯಂಥ ದೊಡ್ಡ ಗೂಡುಗಳಿದ್ದವು. ಮೊದಲಿನ ಪಿ-15 ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ, ಅದಕ್ಕೇ ಅಷ್ಟು ಜಾಗ ಬೇಕಾಗುತ್ತಿತ್ತು. ನಂತರದ ಮಾದರಿಯಲ್ಲಿ ರೆಕ್ಕೆ ಕೊಳವೆಯೊಳಗೆ ಮಡಚಿಕೊಂಡಿದ್ದು ಹೊರಬಿದ್ದ ಮೇಲೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ಜೋಡಿ ಮುಂದಿನದಕ್ಕಿಂತ ಎತ್ತರದಲ್ಲಿರುವುದನ್ನೂ ಗಮನಿಸಿ: ಹಾರುವ ಕ್ಷಿಪಣಿ ಮುಂದಿನ ಕೊಳವೆಗೆ ತಾಗಬಾರದಲ್ಲ. ಒಂದೊಂದು ಕ್ಷಿಪಣಿಯ ತೂಕ ಎರಡು ಟನ್ನಿಗೂ ಹೆಚ್ಚು, ಇಂಧನವನ್ನು ಉರಿಸಲು ಬಳಸುತ್ತಿದ್ದುದು ನೈಟ್ರಿಕ್ ಆಮ್ಲ ಆಧಾರಿತ ದ್ರವ. ಒಂದು ಸೋರಿಕೆ ಸಾಕಿತ್ತು, ತುಂಬಿಸುವವರಿಗೆ ಜೀವಭಯ.

ಕೆಳಗೆ ಎಂಜಿನ್ ಕೋಣೆಗೆ ಬಿಟ್ಟರೆ ಅವಸರ ಬೇಡ, ಇಡೀ ಹಡಗಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದೇ. ಈ ವರ್ಗಕ್ಕೆ ಹಾಕಿದ್ದು ಮೂರು ಎಂ-504 ಡೀಸೆಲ್ ಎಂಜಿನ್. ಒಂದೊಂದರಲ್ಲಿ 56 ಸಿಲಿಂಡರ್: ನಕ್ಷತ್ರದಂತೆ ಏಳು ಸಾಲು, ಸಾಲಿಗೆ ಎಂಟು. ಒಂದಕ್ಕೆ 5,000 ಅಶ್ವಶಕ್ತಿ. ಇನ್ನೂರ ನಲವತ್ತು ಟನ್ನಿನ ಆಸುಪಾಸಿನ ದೋಣಿ ಗಂಟೆಗೆ 70 ಕಿ.ಮೀ.ಗೆ ಹತ್ತಿರದ ವೇಗದಲ್ಲಿ ಓಡಿದ್ದು ಇವುಗಳ ಬಲದಿಂದ. ಬೆಲೆ ತೆತ್ತದ್ದೂ ಇಲ್ಲೇ: ಇಷ್ಟು ಸಿಲಿಂಡರ್ ಒತ್ತೊತ್ತಾಗಿ ತುಂಬಿದ ಎಂಜಿನ್‌ನ ಕೆಳಗಿನ ಸಾಲಿಗೆ ಕೈ ಹಾಕುವುದೇ ಕಷ್ಟ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯ ನೋಡಿದ್ದರೆ ವ್ಯತ್ಯಾಸ ಗೊತ್ತಾಗುತ್ತದೆ: ಅಲ್ಲಿ ಎಂಜಿನ್ ಹೊರಗಿಟ್ಟು ತೋರಿಸುತ್ತಾರೆ, ಇಲ್ಲಿ ಅದರ ಜೊತೆ ಬದುಕಿದವರ ಇಕ್ಕಟ್ಟೂ ಕಾಣುತ್ತದೆ.

ಕೊರತೆ ಎಂದರೆ ವಿವರಣೆ. ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿಯಲ್ಲಿ ನಿವೃತ್ತ ನೌಕಾಪಡೆಯವರೇ ಜೊತೆ ನಿಂತು ಹೇಳುತ್ತಾರೆ. ಇಲ್ಲಿಗೆ ಓದಿಕೊಂಡೇ ಹೋಗಿ. ತುಕ್ಕು ಇನ್ನೊಂದು ತಲೆನೋವು. ಈ ದೋಣಿಗಳ ಒಡಲು ಉಕ್ಕು, ಮೇಲಿನ ಕಟ್ಟಡದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹವೂ ಇದೆ. ಎರಡು ಲೋಹ ಸೇರುವಲ್ಲಿ ಉಪ್ಪುಗಾಳಿ ತಾಗಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಬರೀ ಬಣ್ಣ ಬಳಿದರೆ ಇದು ನಿಲ್ಲದು. ದುರಸ್ತಿಗೆ ಮುಚ್ಚುವ ಸಾಧ್ಯತೆ ಇದ್ದೇ ಇರುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಕಬ್ಬಿಣದ ಏಣಿಗಳನ್ನು ಏಣಿಗೆ ಮುಖಮಾಡಿಯೇ ಇಳಿಯಬೇಕು. ಹವಾಯಿ ಚಪ್ಪಲಿ ಬೇಡ, ಎತ್ತರದವರು ತಲೆ ಜೋಪಾನ. ಸೀರೆ ಉಟ್ಟ ಅಜ್ಜಿಯಂದಿರಿಗೆ ಮೇಲಿನ ಡೆಕ್ ಸಾಕು. ಮಧ್ಯಾಹ್ನ ಡೆಕ್ ಕಾದ ಕಾವಲಿ, ಬೆಳಿಗ್ಗೆಯೇ ಹೋಗಿ.

ಚಪಲ್ ನಿವೃತ್ತಿಯಾದ 2005ರ ಮೇ ತಿಂಗಳಲ್ಲೇ, 31ರಂದು, ಊರಿನ ದಕ್ಷಿಣಕ್ಕಿರುವ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಮುಂಬೈ ಬಂದರು ಕಿಕ್ಕಿರಿದಿದ್ದೇ ಹೊಸ ನೆಲೆ ಬೇಕೆನ್ನಲು ಒಂದು ಕಾರಣ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರೂ ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಎಳೆಯಿತು. ಹತ್ತು ಸಾವಿರ ಟನ್ನಿನವರೆಗಿನ ಹಡಗನ್ನು ನೀರಿನಿಂದ ಎತ್ತಿ ದುರಸ್ತಿಗೆ ದಡಕ್ಕೆ ತರುವ ಲಿಫ್ಟ್ ಅಲ್ಲಿದೆ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಭೂಮಿ ಬಿಟ್ಟುಕೊಟ್ಟು ಪರಿಹಾರಕ್ಕೆ ಅಲೆದ ಊರಿನವರ ಕಥೆ ಬೇಕಿದ್ದರೆ ಸಂಗ್ರಹಾಲಯದಲ್ಲಲ್ಲ, ಊರಿನ ಚಹಾ ಅಂಗಡಿಯಲ್ಲಿ ಕೇಳಿ. ನೆಲೆಯೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅಂಕೋಲಾ ಕಡೆಯಿಂದ ಬರುವಾಗ ಅದರ ಗೋಡೆ ಸಿಗುತ್ತದೆ, ಅಲ್ಲಿ ಕ್ಯಾಮೆರಾ ಹೊರತೆಗೆಯಬೇಡಿ.

ಬೆಂಗಳೂರಿನಿಂದ ರಾತ್ರಿ ಪ್ರಯಾಣಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಅನುಕೂಲ. ಕಾರವಾರ ನಿಲ್ದಾಣ ಶಿರವಾಡದಲ್ಲಿದೆ, ಪೇಟೆಯಿಂದ ದೂರ. ಆಟೋದವರ ಜೊತೆ ದರ ಮಾತಾಡಿಕೊಂಡೇ ಹತ್ತಿ.