ಹೊಂದಾಣಿಕೆ ಟೆಂಡರ್ ವಿರುದ್ಧ ಸಿಸಿಐಗೆ ದೂರು: ಎಲ್ಲಿ ಉಪಯೋಗ, ಎಲ್ಲಿ ನಿರಾಸೆ

ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡು ಟೆಂಡರ್ ಹಂಚಿಕೊಂಡಿದ್ದಾರೆ ಅನ್ನಿಸಿದಾಗ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ (ಸಿಸಿಐ) ದೂರು ಕೊಡಬಹುದು. ಆಯೋಗದ ಅಧಿಕಾರ ದೊಡ್ಡದೇ. ಆದರೆ ಕಾಗದಪತ್ರ ಗಟ್ಟಿಯಿಲ್ಲದೆ ಹೋದವರು ಬರಿಗೈಲಿ ವಾಪಸಾಗುತ್ತಾರೆ.

ದೂರು ಯಾರು ಬೇಕಾದರೂ ಕೊಡಬಹುದು, ನೀವೇ ಬಿಡ್ ಹಾಕಿರಬೇಕೆಂದಿಲ್ಲ. ವ್ಯಕ್ತಿಗಳಿಗೆ ಶುಲ್ಕ 5,000 ರೂಪಾಯಿ, ಕಂಪನಿಗಳಿಗೆ ವಹಿವಾಟು ನೋಡಿ ಹೆಚ್ಚು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಳ್ಳಬಹುದು. ಸ್ಪರ್ಧಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ದೂರಿಗೆ ಮೂರು ವರ್ಷದ ಗಡುವಿದೆ. ಸದ್ಯ ಆಗುತ್ತಿರುವ ದೊಡ್ಡ ತಪ್ಪು, ಕಂಪ್ಯೂಟರ್ ದಾಖಲೆ ಅಳಿಸಿಹೋಗುವವರೆಗೆ ಕಾಯುವುದು. ಬಿಡ್ ಯಾವ ಐಪಿ ವಿಳಾಸದಿಂದ ಬಂತು ಅನ್ನುವುದನ್ನು ಟೆಂಡರ್ ಕರೆದ ಇಲಾಖೆ ತೆಗೆಸಬಲ್ಲದು. ಆದ್ದರಿಂದ ಅದನ್ನು ಉಳಿಸಿಡಿ ಎಂದು ಮೊದಲ ವಾರದಲ್ಲೇ ಇಲಾಖೆಗೆ ಲಿಖಿತವಾಗಿ ಕೇಳಿ.

ಬೆಲೆ ಒಂದೇ ಇದೆ ಅನ್ನುವುದಷ್ಟೇ ಸಾಲದು. ಭಾರತೀಯ ಆಹಾರ ನಿಗಮದ 2009ರ ಟೆಂಡರ್‌ನಲ್ಲಿ ಮೂರು ಕಂಪನಿಗಳು ಧಾನ್ಯದ ಹುಳು ಕೊಲ್ಲುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ಕಿಲೋಗೆ 388 ರೂಪಾಯಿ ಅಂತಲೇ ಬರೆದಿದ್ದವು. ಕಾರ್ಖಾನೆ ಬೇರೆ ಊರಿನದು, ಖರ್ಚು ಬೇರೆ, ದರ ಮಾತ್ರ ಒಂದೇ. 2017ರಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಆ ಸರಕಿನ ವಹಿವಾಟಿಗೆ ಸೀಮಿತಗೊಳಿಸಿತು. ಮರುವರ್ಷವೇ ಎಲ್‌ಪಿಜಿ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಅದೇ ಕೋರ್ಟ್ ಸಿಸಿಐ ಆದೇಶ ರದ್ದುಮಾಡಿತು. ಕೊಳ್ಳುವವರು ಬೆರಳೆಣಿಕೆಯಷ್ಟೇ ಇರುವ ಮಾರುಕಟ್ಟೆಯಲ್ಲಿ ಒಂದೇ ದರ ಬರುವುದು ಸಹಜ ಎಂಬುದು ಅಲ್ಲಿನ ತರ್ಕ. ದೂರು ಬರೆಯುವ ಮೊದಲು ಈ ಎರಡೂ ತೀರ್ಪು ಓದಲೇಬೇಕು.

ಹಾಗಾದರೆ ಏನು ಲಗತ್ತಿಸಬೇಕು? ಬಿಡ್ ಪಿಡಿಎಫ್‌ನ 'ಪ್ರಾಪರ್ಟೀಸ್' ತೆರೆದು ಯಾರ ಹೆಸರಿನಲ್ಲಿ ತಯಾರಾಯಿತು, ಯಾವ ಹೊತ್ತಿಗೆ ಎಂದು ನೋಡಿ. ಸ್ಪರ್ಧಿಗಳು ಎಂದುಕೊಂಡವರ ಕಡತಗಳಲ್ಲಿ ಒಂದೇ ಹೆಸರು ಇದ್ದರೆ, ಒಂದೇ ಕಾಗುಣಿತ ತಪ್ಪು ಎರಡು ಕಡೆ ಬಂದಿದ್ದರೆ, ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಡಿಡಿಗಳ ಸಂಖ್ಯೆ ಬೆನ್ನುಬೆನ್ನಿಗೆ ಇದ್ದರೆ ಅದನ್ನೆಲ್ಲ ಒಂದೇ ಕೋಷ್ಟಕದಲ್ಲಿ ಹಾಕಿ. ದರಪಟ್ಟಿಯ ಪ್ರತಿ ಸಾಲಿಗೂ ಎರಡನೆಯವರದು ಗೆದ್ದವರಿಗಿಂತ ಅದೇ ಶೇಕಡಾವಾರು ಹೆಚ್ಚಿದ್ದರೆ ಲೆಕ್ಕ ಕಟ್ಟಿ ತೋರಿಸಿ. ಸೋತವರೇ ಮುಂದೆ ಉಪಗುತ್ತಿಗೆ ಪಡೆದಿದ್ದರೆ ಆ ಕಾರ್ಯಾದೇಶ ಚಿನ್ನದಂಥ ಸಾಕ್ಷ್ಯ.

ಈ ವ್ಯವಸ್ಥೆಯಲ್ಲಿ ನಿಜಕ್ಕೂ ಮೆಚ್ಚುವಂಥದ್ದು ಸ್ಪರ್ಧಾ ಕಾಯ್ದೆಯ 46ನೇ ಕಲಮಿನ ದಂಡ ರಿಯಾಯಿತಿ. ಟೆಂಡರ್ ಹಂಚಿಕೊಂಡ ಕೂಟದೊಳಗಿನವರೇ ಮೊದಲು ಬಾಯ್ಬಿಟ್ಟರೆ ದಂಡ ಶೇ. 100ರವರೆಗೆ ಮಾಫಿ, ಎರಡನೆಯವರಿಗೆ ಶೇ. 50ರವರೆಗೆ, ಮೂರನೆಯವರಿಗೆ ಶೇ. 30ರವರೆಗೆ. ಫೋನ್‌ನಲ್ಲೂ ಸರದಿ ಹಿಡಿಯಬಹುದು, ಆದರೆ ಗಡುವಿನೊಳಗೆ ಪೂರ್ತಿ ಅರ್ಜಿ ಕೊಡದಿದ್ದರೆ ಸರದಿ ಕೈತಪ್ಪುತ್ತದೆ. ಇದರ ಮೊದಲ ಆದೇಶ ಬಂದದ್ದು 2017ರ ಜನವರಿಯಲ್ಲಿ, ರೈಲ್ವೆ ಮತ್ತು ನಮ್ಮ ಬೆಂಗಳೂರಿನ ಬಿಇಎಂಎಲ್ ಕೊಂಡ ಫ್ಯಾನುಗಳ ಟೆಂಡರ್ ಪ್ರಕರಣದಲ್ಲಿ. ತನಿಖೆ ಶುರುವಾದ ಮೇಲೆ ಬಂದವರಾದ್ದರಿಂದ ಅಲ್ಲಿ ಬಾಯ್ಬಿಟ್ಟ ಕಂಪನಿಗೆ ಸಿಕ್ಕಿದ್ದು ಶೇ. 75ರ ರಿಯಾಯಿತಿ. ತಡಮಾಡಿದಷ್ಟೂ ಬೆಲೆ ತೆರಬೇಕು.

ಕೊರತೆಯೂ ಕಡಿಮೆಯಿಲ್ಲ. ಮೇಲ್ನೋಟಕ್ಕೆ ಪ್ರಕರಣ ಇದೆ ಅನ್ನಿಸಿದರೆ ಮಾತ್ರ ಆಯೋಗದ ಮಹಾನಿರ್ದೇಶಕರ ತನಿಖೆ, ಆಮೇಲೆ ವಿಚಾರಣೆ, ಎನ್‌ಸಿಎಲ್‌ಎಟಿ (ಮೇಲ್ಮನವಿ ನ್ಯಾಯಮಂಡಳಿ), ಸುಪ್ರೀಂ ಕೋರ್ಟ್. ಮಾತ್ರೆ ಪ್ರಕರಣದ ದೂರು 2011ರದು, ಕೊನೆಯ ತೀರ್ಪು ಬಂದದ್ದು ಆರು ವರ್ಷಕ್ಕೆ. ಅಷ್ಟರಲ್ಲಿ ಕಾಮಗಾರಿ ಮುಗಿದು ಬಿಲ್ಲೂ ಪಾಸಾಗಿರುತ್ತದೆ. ಈ ಕಾಯ್ದೆಯಡಿ ಕೂಟಕ್ಕೆ ಜೈಲಿಲ್ಲ, ದಂಡವಷ್ಟೇ. ಲಂಚವೋ ವಂಚನೆಯೋ ಇದ್ದರೆ ಪೊಲೀಸ್, ಲೋಕಾಯುಕ್ತ ಬೇರೆ ದಾರಿ. ಕೈತಪ್ಪಿದ ಟೆಂಡರನ್ನು ಸಿಸಿಐ ನಿಮಗೆ ಕೊಡಿಸುವುದೂ ಇಲ್ಲ. ಕರ್ನಾಟಕ ಸರ್ಕಾರದ ಟೆಂಡರ್ ಆದರೆ ಅದಕ್ಕಿರುವುದು ಕೆಟಿಪಿಪಿ (ಸಾರ್ವಜನಿಕ ಖರೀದಿಯ ಪಾರದರ್ಶಕತೆ) ಕಾಯ್ದೆಯ 16ನೇ ಕಲಮಿನ ಮೇಲ್ಮನವಿ. ಅದಕ್ಕೆ ಆದೇಶ ಕೈಸೇರಿದ ದಿನದಿಂದ 30 ದಿನ ಮಾತ್ರ ಸಮಯ. ಸಿಸಿಐ ದೂರು ಸಿದ್ಧವಾಗಲಿ ಎಂದು ಅದನ್ನು ನಿಲ್ಲಿಸಬೇಡಿ.