ಜಿಯೋಪಾಂಡಾಸ್: ಮೂರು ವರ್ಷ ಬಳಸಿದ ಮೇಲೆ

ನಗರದ ಯಾವ ವಾರ್ಡ್ ಜಾಸ್ತಿ ಬಿಸಿಯಾಗುತ್ತದೆ, ಯಾಕೆ ಬಿಸಿಯಾಗುತ್ತದೆ ಎಂದು ಹುಡುಕುವುದು ನನ್ನ ಸಂಶೋಧನೆ. ಮೂರು ವರ್ಷದಿಂದ ಅದಕ್ಕೆ ಜಿಯೋಪಾಂಡಾಸ್ ಅನ್ನೇ ನಂಬಿಕೊಂಡಿದ್ದೇನೆ. ಇದು ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು ನಕ್ಷೆಯ ಡೇಟಾ ನಿಭಾಯಿಸುವ ಲೈಬ್ರರಿ. ದುಡ್ಡು ಕೊಡಬೇಕಿಲ್ಲ, ಮುಕ್ತ ತಂತ್ರಾಂಶ.

ನನಗೆ ತುಂಬಾ ಇಷ್ಟವಾದದ್ದು ಸ್ಪೇಷಿಯಲ್ ಜಾಯಿನ್, ಅಂದರೆ ಜಾಗ ನೋಡಿ ಎರಡು ಡೇಟಾ ಜೋಡಿಸುವುದು. ತಾಪಮಾನದ ಸೆನ್ಸರ್‌ಗಳು ಒಂದು ಫೈಲಿನಲ್ಲಿ, ವಾರ್ಡ್ ಗಡಿಗಳು ಇನ್ನೊಂದರಲ್ಲಿ. ಒಂದೇ ಸಾಲು ಕೋಡ್ ಬರೆದರೆ ಸಾಕು, ಯಾವ ಸೆನ್ಸರ್ ಯಾವ ವಾರ್ಡಿನದು ಎಂಬ ಟೇಬಲ್ ಕೈಗೆ ಬರುತ್ತದೆ. ಮೊದಲು ಇದನ್ನು ನಕ್ಷೆ ನೋಡಿ ನೋಡಿ ಕೈಯಲ್ಲೇ ತುಂಬುತ್ತಿದ್ದೆ.

ಶುರುವಿನಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಪಾರ್ಕುಗಳ ಸುತ್ತ 500 ಮೀಟರ್ ಬಫರ್ (ಅಷ್ಟು ದೂರದವರೆಗಿನ ವಲಯ) ಎಳೆಯಲು ಹೊರಟೆ. ಡೇಟಾ ಇದ್ದದ್ದು ಅಕ್ಷಾಂಶ ರೇಖಾಂಶದಲ್ಲಿ. ಹಾಗಾಗಿ ಅದು 500 ಡಿಗ್ರಿ ಎಳೆಯಿತು. ಭೂಮಿ ಪೂರ್ತಿ ಸುತ್ತಿದರೂ 360 ತಾನೇ! ಪಾಪ, ಎಚ್ಚರಿಕೆ ಕೊಟ್ಟಿತ್ತು, ನಾನೇ ಓದಲಿಲ್ಲ. ಈಗ ಮೊದಲು ಡೇಟಾವನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಿಸಿ ಆಮೇಲೆ ಮುಂದಿನ ಕೆಲಸ.

ಉಪಗ್ರಹ ಚಿತ್ರ ಮಾತ್ರ ಇದರ ಕೈಲಿ ಆಗುವುದಿಲ್ಲ, ಅದಕ್ಕೆ ರಾಸ್ಟೆರಿಯೋ ಎಂಬ ಇನ್ನೊಂದು ಲೈಬ್ರರಿ ಜೊತೆಗಿರಬೇಕು. ಅಂದಹಾಗೆ, ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಉಷ್ಣ ಬ್ಯಾಂಡ್ (ನೆಲದ ಬಿಸಿ ತೋರಿಸುವ ಚಿತ್ರ) 30 ಮೀಟರ್ ಪಿಕ್ಸೆಲ್‌ನಲ್ಲಿ ಸಿಗುತ್ತದೆ ಎಂದು ಸುಮ್ನೆ ಹಿಗ್ಗಬೇಡಿ. ಅಳೆದದ್ದು 100 ಮೀಟರ್‌ನಲ್ಲಿ. ಒಂದು ಬೀದಿಯ ಬಿಸಿ ಅದರಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು. ಫಲಿತಾಂಶವನ್ನು ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಫೈಲ್ ಮಾದರಿಯಲ್ಲಿ ಉಳಿಸಿದರೆ ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ. ಅದರ ಬದಲು ಜಿಯೋಪ್ಯಾಕೇಜ್ ಮಾದರಿ ಬಳಸಿ.